ಮನೆಯ ವೈ-ಫೈ ಪದೇ ಪದೇ ಕೈಕೊಡುತ್ತಿದೆಯೇ? ಮೊದಲು ರೋಗಪತ್ತೆ, ಆಮೇಲೆ ಮದ್ದು

ಮದ್ದೂರು: ಶಿಂಷಾ ನದಿಯ ದಡದಲ್ಲಿರುವ ವೈದ್ಯನಾಥಪುರಕ್ಕೆ ಆ ಹೆಸರು ಬಂದಿರುವುದು ಅಲ್ಲಿ ನೆಲೆಸಿರುವ ವೈದ್ಯನಾಥೇಶ್ವರನಿಂದ. ರೋಗ ಯಾವುದೆಂದು ಅರಿಯದೆ ಮದ್ದು ಕೊಡಬಾರದೆಂಬ ವೈದ್ಯನೀತಿ ಮನೆಯ ವೈ-ಫೈ ಸಂಪರ್ಕಕ್ಕೂ ಸಲ್ಲುತ್ತದೆ. ಸಂಪರ್ಕ ತುಂಡಾದೊಡನೆ ಹೆಚ್ಚು ವೇಗದ, ಹೆಚ್ಚು ದರದ ಯೋಜನೆಗೆ ಬದಲಾಗುವವರೇ ಅಧಿಕ. ಆದರೆ ದೋಷ ಗೋಡೆಯಲ್ಲಿದ್ದರೆ ಯೋಜನೆ ಬದಲಿಸಿ ಫಲವಿಲ್ಲ. ಹಣ ಮಾತ್ರ ವ್ಯರ್ಥ.

2020ರ ಲಾಕ್‌ಡೌನ್ ಬಳಿಕ ಮನೆಯ ಇಂಟರ್ನೆಟ್ ಕೇವಲ ಮನರಂಜನೆಯ ಸಾಧನವಾಗಿ ಉಳಿದಿಲ್ಲ. ಸಿಇಟಿ ಆಯ್ಕೆ ನಮೂದಿಸುವ ಕೊನೆಯ ದಿನ, ನೌಕರಿಯ ಸಂದರ್ಶನದ ನಡುವೆ ಸಂಪರ್ಕ ಕಡಿದುಹೋದರೆ ಆಗುವ ನಷ್ಟವನ್ನು ತಿಂಗಳ ಬಿಲ್ಲಿನಲ್ಲಿ ಅಳೆಯಲಾಗದು. 2011ರಲ್ಲಿ ಒಪ್ಪಿಗೆ ಪಡೆದು, ನಂತರ ಭಾರತ್‌ನೆಟ್ ಎನಿಸಿಕೊಂಡ ಯೋಜನೆಯು ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯಲು ರೂಪುಗೊಂಡಿತು. ಮನೆಯೊಳಗಿನ ಕೊನೆಯ ಇಪ್ಪತ್ತು ಅಡಿಯ ಹೊಣೆ ಮಾತ್ರ ಬಳಕೆದಾರರದ್ದೇ.

ದೋಷ ಒಳಗೋ, ಹೊರಗೋ?

ಮೊದಲು ಕಂಡುಕೊಳ್ಳಬೇಕಾದದ್ದು ಇದನ್ನೇ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ ಮೂಲಕ ನೇರವಾಗಿ ರೂಟರ್‌ಗೆ ಜೋಡಿಸಿ, ಬೆಳಗ್ಗೆ ಮತ್ತು ರಾತ್ರಿ ಎರಡು ಹೊತ್ತೂ ವೇಗ ಪರೀಕ್ಷಿಸಿ. ಕೇಬಲ್‌ನಲ್ಲಿ ಪೂರ್ಣ ವೇಗ ದೊರೆತು ವೈ-ಫೈಯಲ್ಲಿ ಮಾತ್ರ ಕುಸಿದರೆ ದೋಷ ಮನೆಯೊಳಗಿದೆ. ಎರಡರಲ್ಲೂ ಕುಸಿದರೆ ದೋಷ ಬಹುಪಾಲು ಹೊರಗಿನ ಮಾರ್ಗದಲ್ಲಿ ಅಥವಾ ರೂಟರ್‌ನಲ್ಲಿದೆ. ಒಂದು ಸೂಕ್ಷ್ಮವನ್ನು ಮರೆಯಬಾರದು: 100 ಮೆಗಾಬಿಟ್ ಯೋಜನೆಯಲ್ಲಿ ಸೆಕೆಂಡಿಗೆ ಇಳಿಯುವುದು ಗರಿಷ್ಠ 12.5 ಮೆಗಾಬೈಟ್. ಇದನ್ನು ಅರಿಯದೆ ವೇಗ ಕಡಿಮೆಯೆಂದು ಭಾವಿಸುವುದುಂಟು.

ಹೊರಗಿನ ದೋಷಗಳು

ಫೈಬರ್ ಪೆಟ್ಟಿಗೆಯಲ್ಲಿ 'ಲಾಸ್' ಎಂಬ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕಿನ ಸಂಕೇತ ತಲುಪುತ್ತಿಲ್ಲವೆಂದೇ ಅರ್ಥ. ಎಳೆ ಕಡಿದಿರಬಹುದು, ಇಲ್ಲವೇ ಬೀರುವಿನ ಹಿಂದೆ ಸಿಲುಕಿ ವಿಪರೀತ ಬಾಗಿರಬಹುದು. ಗಾಜಿನ ಎಳೆ ಹೆಚ್ಚು ಬಾಗಿದರೆ ಬೆಳಕು ಸೋರಿಹೋಗುತ್ತದೆ. ಎಳೆಯನ್ನು ಬಿಚ್ಚಿ ಇಣುಕುವುದು ಸಲ್ಲದು. ಅದರಲ್ಲಿನ ಬೆಳಕು ಕಾಣದಿದ್ದರೂ ಕಣ್ಣಿಗೆ ಅಪಾಯಕಾರಿ.

ರೂಟರ್ ತಾನಾಗಿಯೇ ಆರಿ ಮತ್ತೆ ಹತ್ತುತ್ತಿದ್ದರೆ ಅದರ ಅಡಾಪ್ಟರ್ ಅಥವಾ ವಿದ್ಯುತ್ತಿನ ಏರಿಳಿತವನ್ನು ಶಂಕಿಸಬೇಕು. ಕರೆಂಟು ಹೋದಾಗ ಒಂದು ಕ್ಷಣ ಆರಿದರೂ ಸಂಪರ್ಕ ಮರಳಲು ಕೆಲವು ನಿಮಿಷ ಬೇಕು. ರೂಟರ್‌ಗೆಂದೇ ದೊರೆಯುವ ಸಣ್ಣ ಯುಪಿಎಸ್ ಇದಕ್ಕೆ ಪರಿಹಾರ.

2023ರಲ್ಲಿ ಆರಂಭಗೊಂಡ ಏರ್‌ಫೈಬರ್ ಸೇವೆಗಳಲ್ಲಿ ಮನೆಗೆ ತಂತಿಯಿಲ್ಲ. 5ಜಿ ಗೋಪುರದ ಸಂಕೇತವೇ ಆಧಾರ. ಎಳನೀರಿಗೆ ಹೆಸರಾದ ಮದ್ದೂರು ಸೀಮೆಯಲ್ಲಿ ಇದಕ್ಕೆ ತೆಂಗಿನ ಗರಿಗಳೇ ಅಡ್ಡಿಯಾಗಬಲ್ಲವು. ನೀರಿನಂಶವುಳ್ಳ ಎಲೆಗಳು ರೇಡಿಯೋ ತರಂಗಗಳನ್ನು ಹೀರುತ್ತವೆ. ಮಳೆಗಾಲದಲ್ಲಿ ಸಂಪರ್ಕ ಕ್ಷೀಣಿಸಿದರೆ ಹೊರಗಿನ ಗ್ರಾಹಕ ಪೆಟ್ಟಿಗೆಯ ಎತ್ತರ ಮತ್ತು ದಿಕ್ಕನ್ನು ಸರಿಪಡಿಸುವಂತೆ ಕಂಪನಿಯನ್ನು ಕೇಳಬೇಕು.

ಒಳಗಿನ ದೋಷಗಳು

ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿ 2005ರಲ್ಲಿ, 5 ಗಿಗಾಹರ್ಟ್ಸ್ ಪಟ್ಟಿಯ ವಿಸ್ತೃತ ಭಾಗ 2018ರಲ್ಲಿ ಪರವಾನಗಿಮುಕ್ತವಾದವು. ಮೊದಲನೆಯದು ದೂರ ಸಾಗುತ್ತದೆ. ಆದರೆ ನೆರೆಮನೆಗಳ ರೂಟರ್, ಬ್ಲೂಟೂತ್, ಮೈಕ್ರೋವೇವ್ ಒಲೆಗಳೆಲ್ಲ ಅದೇ ಪಟ್ಟಿಯಲ್ಲಿ ಗದ್ದಲವೆಬ್ಬಿಸುತ್ತವೆ. ಎರಡನೆಯದು ವೇಗಶಾಲಿ, ಆದರೆ ದಪ್ಪ ಗೋಡೆಗಳೆದುರು ಸೋಲುತ್ತದೆ. ಆದ್ದರಿಂದ ರೂಟರ್ ಇರುವ ಕೋಣೆಯಲ್ಲಿ 5 ಗಿಗಾಹರ್ಟ್ಸ್, ದೂರದ ಕೋಣೆಯಲ್ಲಿ 2.4 ಬಳಸುವುದು ಸೂಕ್ತ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11. ಇವುಗಳಲ್ಲಿ ಕಡಿಮೆ ದಟ್ಟಣೆಯದನ್ನು ಆರಿಸಿಕೊಳ್ಳಬೇಕು.

ರೂಟರ್ ಮನೆಯ ನಡುಭಾಗದಲ್ಲಿ, ಆಳೆತ್ತರದಲ್ಲಿ, ಬಯಲಾಗಿರಲಿ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ತೊಟ್ಟಿಗಳ ಪಕ್ಕ ಬೇಡ. ಮಹಡಿ ಮನೆಗೆ ರಿಪೀಟರ್‌ಗಿಂತ ಮೇಲಕ್ಕೊಂದು ಲ್ಯಾನ್ ಕೇಬಲ್ ಎಳೆದು ಎರಡನೇ ರೂಟರ್ ಇಡುವುದು ಲೇಸು. ಅಗ್ಗದ ರಿಪೀಟರ್‌ಗಳು ಒಂದೇ ತರಂಗಮಾರ್ಗದಲ್ಲಿ ಪಡೆದು ಮರಳಿ ಕಳುಹಿಸುವುದರಿಂದ ವೇಗ ಅರ್ಧಕ್ಕೆ ಇಳಿಯಬಹುದು.

ದೂರು ನೀಡುವುದು ಹೇಗೆ?

ದೋಷ ಹೊರಗಿನದೆಂದು ಖಚಿತವಾದರೆ ದಿನಾಂಕ, ಸಮಯ, ಕೇಬಲ್ ಮೂಲಕ ದೊರೆತ ವೇಗವನ್ನು ವಾರ ಕಾಲ ಬರೆದಿಡಿ. ಈ ಟಿಪ್ಪಣಿಯೇ ನಿಮ್ಮ ಸಾಕ್ಷ್ಯ. ಸೆಕೆಂಡಿಗೆ ಕನಿಷ್ಠ 2 ಮೆಗಾಬಿಟ್ ಇದ್ದರಷ್ಟೇ ಅದು ಬ್ರಾಡ್‌ಬ್ಯಾಂಡ್ ಎಂಬ ಸರ್ಕಾರಿ ವ್ಯಾಖ್ಯೆ 2023ರಿಂದ ಜಾರಿಯಲ್ಲಿದೆ. ಟ್ರಾಯ್ 2012ರಲ್ಲಿ ರೂಪಿಸಿದ ನಿಯಮಗಳಂತೆ ಕಂಪನಿಯ ದೂರು ಕೇಂದ್ರ ಪ್ರತಿ ದೂರಿಗೂ ಸಂಖ್ಯೆ ನೀಡಬೇಕು. ಪರಿಹಾರ ದೊರೆಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರದ ಮೊರೆಹೋಗಲು ಅವಕಾಶವಿದೆ. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ವೇದಿಕೆಗಳೂ ವಿಚಾರಣೆ ನಡೆಸಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ.

'ನೆಟ್ ಬರುತ್ತಿಲ್ಲ' ಎಂಬ ದೂರಿಗೆ 'ರೂಟರ್ ಆರಿಸಿ ಹಾಕಿ' ಎಂಬುದೇ ಉತ್ತರವಾದೀತು. 'ಕೇಬಲ್ ಮೂಲಕವೂ ರಾತ್ರಿ ಎಂಟರ ನಂತರ ವೇಗ ಇಷ್ಟೇ' ಎಂಬ ದೂರನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.