ಪುಕ್ಕಟೆಯಾದುದೆಲ್ಲವೂ ಸ್ವತಂತ್ರವಲ್ಲ: ಬ್ರೌಸರ್ ಆಡ್-ಆನ್‌ಗಳ ಪರವಾನಗಿ ಪರಿಶೀಲನೆ

ತೆರಿಗೆ ವಿವರ ಸಲ್ಲಿಕೆ, ಬ್ಯಾಂಕ್ ವ್ಯವಹಾರ, ಟೆಂಡರ್ ಅರ್ಜಿ ಇವೆಲ್ಲವೂ ಇಂದು ಬ್ರೌಸರ್ ಮೂಲಕವೇ ನಡೆಯುತ್ತಿವೆ. ಜಾಹೀರಾತು ತಡೆಯಲು, ಪಾಸ್‌ವರ್ಡ್ ಕಾಯ್ದಿಡಲು ಕಚೇರಿಯ ಸಿಬ್ಬಂದಿ ಅದಕ್ಕೆ ಸೇರಿಸಿಕೊಳ್ಳುವ ಆಡ್-ಆನ್‌ಗಳು ಬಹುಪಾಲು ಪುಕ್ಕಟೆಯಾಗಿ ದೊರೆಯುವುದರಿಂದ, ಅವುಗಳ ಪರವಾನಗಿಯನ್ನು ಓದುವವರು ವಿರಳ. ಆದರೆ ಕೆಲವುಗಳಲ್ಲಿ ‘ವಾಣಿಜ್ಯೇತರ ಬಳಕೆಗೆ ಮಾತ್ರ’ ಎಂಬ ಷರತ್ತಿರುತ್ತದೆ. ಅಂತಹುದನ್ನು ಅಂಗಡಿಯ ಗಣಕಯಂತ್ರದಲ್ಲಿ ಬಳಸುವುದೇ ಷರತ್ತಿನ ಉಲ್ಲಂಘನೆ. ಇನ್ನು ಕೆಲವುಗಳಲ್ಲಿ ಪರವಾನಗಿಯ ಉಲ್ಲೇಖವೇ ಇರುವುದಿಲ್ಲ. ಉಲ್ಲೇಖವಿಲ್ಲವೆಂದರೆ ಅನುಮತಿ ಇದೆಯೆಂದಲ್ಲ. ಹಕ್ಕುಗಳೆಲ್ಲ ಕರ್ತೃವಿನಲ್ಲೇ ಉಳಿದಿವೆ ಎಂದರ್ಥ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯೂ ಗಣಕ ಕ್ರಮವಿಧಿಗಳನ್ನು ಸಾಹಿತ್ಯಕೃತಿಗಳ ಸಾಲಿನಲ್ಲಿಯೇ ಇರಿಸಿದೆ.

ಈ ಗೊಂದಲವನ್ನು ಬಿಡಿಸುವ ಕಾರ್ಯದಲ್ಲಿ ತೊಡಗಿರುವವರು ಸಂಬಳವಿಲ್ಲದ ಸ್ವಯಂಸೇವಕರೆಂಬುದು ಗಮನಾರ್ಹ. 1985ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅಮೆರಿಕದಲ್ಲಿ ಸ್ಥಾಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ‘ಫ್ರೀ ಸಾಫ್ಟ್‌ವೇರ್ ಡೈರೆಕ್ಟರಿ’ ಎಂಬ ಸೂಚಿಯನ್ನು ನಿರ್ವಹಿಸುತ್ತದೆ. ಫೈರ್‌ಫಾಕ್ಸ್ ಆಧಾರಿತ ಐಸ್‌ಕ್ಯಾಟ್ ಬ್ರೌಸರಿಗೆ ಒದಗುವ ಆಡ್-ಆನ್‌ಗಳೂ ಈ ಸೂಚಿಯಲ್ಲಿ ಸೇರಿವೆ. ಬಳಸುವ, ಅಭ್ಯಸಿಸಿ ಮಾರ್ಪಡಿಸುವ, ಹಂಚುವ ಹಾಗೂ ಮಾರ್ಪಡಿಸಿದುದನ್ನು ಹಂಚುವ ನಾಲ್ಕೂ ಸ್ವಾತಂತ್ರ್ಯಗಳು ಇದ್ದಲ್ಲದೆ ಸೂಚಿಯಲ್ಲಿ ಪ್ರವೇಶವಿಲ್ಲ.

ಪರಿಶೀಲನೆಯ ಕ್ರಮ ಲೆಕ್ಕಪರಿಶೋಧನೆಯನ್ನು ಹೋಲುತ್ತದೆ. ಫೈರ್‌ಫಾಕ್ಸ್ ಆಡ್-ಆನ್ ಎಂಬುದು ವಾಸ್ತವದಲ್ಲಿ ಒಂದು ಜಿಪ್ ಕಡತ. ಅದನ್ನು ಬಿಚ್ಚಿ, ಪರವಾನಗಿಯ ಪೂರ್ಣಪಾಠವಿದೆಯೇ, ಪ್ರತಿಯೊಂದು ಕಡತದ ಶಿರೋಭಾಗದಲ್ಲಿ ಕೃತಿಸ್ವಾಮ್ಯದ ಸೂಚನೆಯಿದೆಯೇ ಎಂದು ನೋಡಲಾಗುತ್ತದೆ. ತೊಡಕು ಬರುವುದು ಎರವಲು ತಂದ ಭಾಗಗಳಲ್ಲಿ. ಕರ್ತೃ ತನ್ನ ಬರಹಕ್ಕೆ ಜಿ.ಪಿ.ಎಲ್. ಘೋಷಿಸಿದ್ದರೂ, ಒಳಗಿನ ಅಕ್ಷರಶೈಲಿ, ಚಿಹ್ನೆ ಅಥವಾ ಜಾವಾಸ್ಕ್ರಿಪ್ಟ್ ಸಂಗ್ರಹ ಬೇರೆಯವರದಾಗಿರಬಹುದು. ಅಪಾಚೆ 2.0 ಪರವಾನಗಿಯ ಭಾಗವನ್ನು ಜಿ.ಪಿ.ಎಲ್. ಮೂರನೆಯ ಆವೃತ್ತಿಯೊಡನೆ ಬೆರೆಸಬಹುದು. ಎರಡನೆಯದಕ್ಕೆ ಮಾತ್ರ ಸೀಮಿತವಾದುದರೊಡನೆ ಬೆರೆಸುವಂತಿಲ್ಲ. ಸಂದೇಹವಿದ್ದಲ್ಲಿ ಕರ್ತೃವಿಗೇ ಬರೆದು ಕೇಳುವುದುಂಟು. ಪರಿಶೀಲಿಸಿದವರಾರು, ಯಾವ ದಿನ ಎಂಬುದೂ ಸೂಚಿಯಲ್ಲಿ ದಾಖಲಾಗುತ್ತದೆ. ನಮ್ಮ ಎಷ್ಟೋ ಖರೀದಿ ಕಡತಗಳಲ್ಲಿ ಇಷ್ಟು ಅಚ್ಚುಕಟ್ಟು ಕಾಣಸಿಗದು!

ಪರವಾನಗಿ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಕ್ರೋಮ್ ವಿಸ್ತರಣೆ ಜಿ.ಪಿ.ಎಲ್. ಅಡಿಯಲ್ಲಿಯೇ ಇತ್ತು. 2020ರಲ್ಲಿ ಅದು ಅಪರಿಚಿತರ ಕೈಗೆ ಮಾರಾಟವಾಯಿತು. ಅನಂತರ ಮಳಿಗೆಯಲ್ಲಿ ದೊರೆತ ಆವೃತ್ತಿಯಲ್ಲಿ, ಬಹಿರಂಗ ಮೂಲಸಂಕೇತದಲ್ಲಿಲ್ಲದ ಭಾಗಗಳಿರುವುದನ್ನು ಬಳಕೆದಾರರೇ ಹೋಲಿಸಿ ಪತ್ತೆಹಚ್ಚಿದರು. 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ಆದರೆ ಹಿಂದಿನ ಶುದ್ಧ ಮೂಲಸಂಕೇತವನ್ನು ಮರುಬಳಸುವ ಹಕ್ಕು ಎಲ್ಲರಿಗೂ ಉಳಿದಿತ್ತು. ಅದರಿಂದ ‘ದಿ ಮಾರ್ವೆಲಸ್ ಸಸ್ಪೆಂಡರ್’ ರೂಪುಗೊಂಡಿತು. ಮುಚ್ಚಿದ ತಂತ್ರಾಂಶವಾಗಿದ್ದರೆ ಬಳಕೆದಾರರಿಗೆ ಈ ದಾರಿ ಇರುತ್ತಿರಲಿಲ್ಲ.

ಕಚೇರಿಯ ಗಣಕಯಂತ್ರಗಳಲ್ಲಿರುವ ಆಡ್-ಆನ್‌ಗಳ ಪಟ್ಟಿಯನ್ನು ಬ್ರೌಸರಿನ ವಿಸ್ತರಣೆಗಳ ವಿಭಾಗದಲ್ಲಿ ಕೆಲವೇ ನಿಮಿಷಗಳಲ್ಲಿ ಪಡೆಯಬಹುದು. ಫೈರ್‌ಫಾಕ್ಸಿನ ಅಧಿಕೃತ ಆಡ್-ಆನ್ ಸಂಗ್ರಹದಲ್ಲಿ ಪರವಾನಗಿಯ ಹೆಸರನ್ನೂ ನೀಡಲಾಗಿರುತ್ತದೆ. ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂದಿರುವ ಆಡ್-ಆನ್‌ಗಳನ್ನು ಮೊದಲು ಬೇರ್ಪಡಿಸಿಕೊಂಡು, ಅವುಗಳ ಬಳಕೆಯ ಷರತ್ತುಗಳನ್ನು ಓದತಕ್ಕದ್ದು.