ಒಳಕಿವಿಯ ಬವಳಿಗೆ ಮೋಡ ಕಾರಣವೇ?

1861ರ ಜನವರಿಯಲ್ಲಿ ಪ್ಯಾರಿಸ್ಸಿನ ವೈದ್ಯಕೀಯ ಅಕಾಡೆಮಿಯ ಮುಂದೆ ಪ್ರಾಸ್ಪರ್ ಮೆನಿಯೇರ್ ಎಂಬ ವೈದ್ಯ ಒಂದು ಪ್ರಬಂಧ ಓದಿದ. ಕಿವುಡ-ಮೂಗರ ಸಂಸ್ಥೆಯೊಂದರ ಮುಖ್ಯ ವೈದ್ಯ ಆತ. ಇದ್ದಕ್ಕಿದ್ದಂತೆ ಲೋಕವೇ ಗಿರಗಿರನೆ ತಿರುಗುವುದು, ವಾಂತಿ, ಕಿವಿಯಲ್ಲಿ ಮೊರೆತ, ಕಿವಿ ಮಂದವಾಗುವುದು ಇವೆಲ್ಲ ಒಟ್ಟಿಗೆ ಬಂದರೆ ಅದು ಮಿದುಳಿಗೆ ರಕ್ತ ನುಗ್ಗಿದ್ದರ ಫಲವೆಂದು ಅಂದಿನ ವೈದ್ಯರು ನಂಬಿದ್ದರು. ಜಿಗಣೆ ಹಚ್ಚಿ ರಕ್ತ ತೆಗೆಸುತ್ತಿದ್ದರು. ದೋಷ ಮಿದುಳಿನದಲ್ಲ, ಒಳಕಿವಿಯದು ಎಂದು ಮೆನಿಯೇರ್ ವಾದಿಸಿದ. ಮರುವರ್ಷವೇ ಆತ ತೀರಿಕೊಂಡ. ವಾದ ಉಳಿಯಿತು, ಕಾಯಿಲೆಗೆ ಆತನ ಹೆಸರೇ ಬಂತು.

ಕುತೂಹಲದ ಸಂಗತಿಯೆಂದರೆ, ಆತ ಮುಂದಿಟ್ಟ ಒಂದು ಪ್ರಕರಣದಲ್ಲೇ ಹವೆಯ ಪ್ರಸ್ತಾಪವಿದೆ. ಚಳಿಗಾಲದ ರಾತ್ರಿ ಕುದುರೆ ಗಾಡಿಯ ಮೇಲಟ್ಟದಲ್ಲಿ ಕುಳಿತು ಪ್ರಯಾಣ ಮಾಡಿದ ಯುವತಿಯೊಬ್ಬಳು ಥಂಡಿಗೆ ಸಿಕ್ಕಿ ಪೂರ್ತಿ ಕಿವುಡಾದಳು. ತಲೆಸುತ್ತು, ವಾಂತಿಯಿಂದ ನರಳಿ ಐದನೆಯ ದಿನ ಸತ್ತಳು. ಶವಪರೀಕ್ಷೆಯಲ್ಲಿ ಮಿದುಳು ಸರಿಯಾಗಿಯೇ ಇತ್ತು. ಒಳಕಿವಿಯ ಅರ್ಧವರ್ತುಲ ನಾಳಗಳಲ್ಲಿ ಮಾತ್ರ ಕೆಂಪು ದ್ರವ್ಯ ತುಂಬಿತ್ತು. ಆಕೆಗೆ ಇದ್ದದ್ದು ರಕ್ತದ ಕ್ಯಾನ್ಸರ್ ಇರಬೇಕೆಂದು ಈಗ ಊಹಿಸಲಾಗಿದೆ. ಹಾಗಿದ್ದರೆ ಥಂಡಿಯ ಮೇಲೆ ಹೊರಿಸಿದ ಆರೋಪ ನಿಲ್ಲುವುದಿಲ್ಲ. ಆದರೂ ಮೋಡ ಕವಿದರೆ, ಗಾಳಿ ತಿರುಗಿದರೆ ಕಿವಿ ಕಟ್ಟಿಕೊಳ್ಳುತ್ತದೆ ಎಂದು ಹೇಳುವ ರೋಗಿಗಳು ಇಂದಿಗೂ ಇದ್ದಾರೆ. ಅವರ ಮಾತನ್ನು ಭ್ರಮೆ ಎಂದು ತಳ್ಳಿಹಾಕಬಹುದೇ?

ಒಳಕಿವಿಯಲ್ಲಿ ದ್ರವ ತುಂಬಿದ ಸೂಕ್ಷ್ಮ ಚೀಲ, ನಾಳಗಳಿವೆ. ಕೇಳುವುದಕ್ಕೂ ಸಮತೋಲ ಕಾಯುವುದಕ್ಕೂ ಅವೇ ಆಧಾರ. ಮೆನಿಯೇರ್ ಕಾಯಿಲೆಯಲ್ಲಿ ಆ ದ್ರವ ಹೆಚ್ಚಾಗಿ ಚೀಲ ಉಬ್ಬಿಕೊಂಡಿರುತ್ತದೆ. 1938ರಲ್ಲಿ ಲಂಡನ್ನಿನಲ್ಲಿ ಹಾಲ್‌ಪೈಕ್ ಮತ್ತು ಕೇರ್ನ್ಸ್, ಜಪಾನಿನಲ್ಲಿ ಯಮಕಾವ ಇದನ್ನು ಬೇರೆಬೇರೆಯಾಗಿಯೇ ಕಂಡುಕೊಂಡರು. ಏಕೆ ಉಬ್ಬುತ್ತದೆ ಎಂಬುದು ಇನ್ನೂ ಬಿಡಿಸದ ಒಗಟು. ಬವಳಿ ಒಮ್ಮೆ ಬಂದರೆ ಇಪ್ಪತ್ತು ನಿಮಿಷದಿಂದ ಕೆಲವು ಗಂಟೆ. ಮುಂದಿನದು ನಾಳೆಯೋ, ಆರು ತಿಂಗಳಿಗೋ! ರೋಗಿಯನ್ನು ಹಣಿಯುವುದು ಈ ಅನಿಶ್ಚಿತತೆಯೇ. ರಸ್ತೆ ದಾಟುವಾಗ, ಸ್ಕೂಟರ್ ಮೇಲಿರುವಾಗ ಬಂದುಬಿಟ್ಟರೆ ಎಂಬ ಅಳುಕಿನಲ್ಲಿ ಮನೆ ಬಿಟ್ಟು ಹೊರಡದವರೂ ಉಂಟು. ಅಂಥವರು ಆಕಾಶ ನೋಡಿ ಮುನ್ಸೂಚನೆ ಹುಡುಕಿದರೆ ಅಚ್ಚರಿಯಿಲ್ಲ.

ಈ ಹುಡುಕಾಟಕ್ಕೆ ಸ್ವಲ್ಪ ಬೆಂಬಲ ಸಿಕ್ಕಿದ್ದು 2017ರಲ್ಲಿ. ಬ್ರಿಟನ್ನಿನ ಸುಮಾರು 400 ರೋಗಿಗಳು ಮೊಬೈಲ್ ಫೋನಿನಲ್ಲಿ ದಿನದಿನದ ತೊಂದರೆ ದಾಖಲಿಸಿದರು. ಸಂಶೋಧಕರು ಅದನ್ನು ಹವಾಮಾನದ ಅಂಕಿಗಳೊಡನೆ ತಾಳೆ ನೋಡಿದರು. ವಾಯುಭಾರದ ಏರಿಳಿತಕ್ಕೂ ಬವಳಿ, ಕಿವಿ ಮೊರೆತ, ಕಿವಿ ಬಿಗಿತಕ್ಕೂ ನಂಟು ಕಂಡಿತು. ಗಾಳಿಯ ತೇವಾಂಶದ ಪಾತ್ರವೂ ಇಲ್ಲದಿಲ್ಲ. ಆದರೆ ನಂಟು ದೊಡ್ಡದೇನಲ್ಲ. ವಾಯುಭಾರ ನೋಡಿ ಇಂದು ಬವಳಿ ಬರುತ್ತದೆಂದು ಹೇಳುವಷ್ಟಂತೂ ಅಲ್ಲ.

ಇನ್ನು ನಮ್ಮ ಕಡೆಗೆ ಬಂದರೆ ಲೆಕ್ಕವೇ ಬೇರೆ. ಬ್ರಿಟನ್ನಿನಲ್ಲಿ ಚಳಿಗಾಲದ ಬಿರುಗಾಳಿ ಹಾದುಹೋಗುವಾಗ ಒಂದೆರಡು ದಿನದಲ್ಲಿ ವಾಯುಭಾರ 20-30 ಮಿಲಿಬಾರ್ ಇಳಿಯುವುದುಂಟು. ಬೆಂಗಳೂರಿನಲ್ಲಿ ದಿನವೂ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ ಸಂಜೆ ನಾಲ್ಕಕ್ಕೆ ಇಳಿಯುವ ವ್ಯತ್ಯಾಸ ಮೂರ್ನಾಲ್ಕು ಮಿಲಿಬಾರ್ ಅಷ್ಟೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೂ ಒಳನಾಡಿನಲ್ಲಿ ಅದರ ಪರಿಣಾಮ ಸಾಮಾನ್ಯವಾಗಿ ಅಲ್ಪವೇ. ಹೋಲಿಕೆಗೆ ಹೇಳುವುದಾದರೆ, ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರ ಸೇರುವ ಬಸ್ಸಿನ ಪ್ರಯಾಣಿಕ ಕೆಲವೇ ಗಂಟೆಗಳಲ್ಲಿ ಸುಮಾರು 100 ಮಿಲಿಬಾರ್ ಇಳಿಕೆಯನ್ನು ದಾಟಿರುತ್ತಾನೆ! ಉಗುಳು ನುಂಗಿದಾಗ ಕಿವಿ 'ಟಪ್' ಎಂದು ಬಿಡುತ್ತದಲ್ಲ, ಹಾಗೆ ನಡುಗಿವಿ ತನ್ನೊಳಗಿನ ಒತ್ತಡವನ್ನು ಸರಿಹೊಂದಿಸಿಕೊಳ್ಳುತ್ತದೆ. ವಾಯುಭಾರವೊಂದೇ ಅಪರಾಧಿಯಾಗಿದ್ದರೆ ಘಾಟಿ ರಸ್ತೆಯೇ ಈ ರೋಗಿಗಳ ಪಾಲಿಗೆ ದೊಡ್ಡ ಶತ್ರುವಾಗಬೇಕಿತ್ತು.

ಒತ್ತಡವನ್ನೇ ಮದ್ದಾಗಿಸುವ ಯತ್ನವೂ ನಡೆದಿದೆ. 1970ರ ದಶಕದಲ್ಲಿ ಸ್ವೀಡನ್ನಿನ ವೈದ್ಯರು ಬವಳಿ ಬಂದವರನ್ನು ಗಾಳಿಯ ಒತ್ತಡ ತಗ್ಗಿಸಿದ ಕೋಣೆಯಲ್ಲಿ ಕೂರಿಸಿದರು, ಕೆಲವರಿಗೆ ಆರಾಮವೆನಿಸಿತು. ಇದೇ ಜಾಡಿನಲ್ಲಿ, ಕಿವಿಗೆ ಒತ್ತಡದ ಅಲೆ ಕಳುಹಿಸುವ ಪುಟ್ಟ ಯಂತ್ರ ಮಾರುಕಟ್ಟೆಗೆ ಬಂತು. ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಪರಾಮರ್ಶೆಯಲ್ಲಿ ಅದರ ಉಪಯೋಗ ಸಾಬೀತಾಗಲಿಲ್ಲ.

ಮಾಲಿನ್ಯದ ಮಾತು ಇನ್ನೂ ಮಸುಕು. ದಕ್ಷಿಣ ಕೊರಿಯಾದಲ್ಲಿ ಆರೋಗ್ಯ ವಿಮೆಯ ದಾಖಲೆಗಳನ್ನು ಜಾಲಾಡಿದ ಸಂಶೋಧಕರು ಕೆಲವು ಮಲಿನ ಅನಿಲಗಳಿಗೂ ಈ ಕಾಯಿಲೆಗೂ ಸಂಬಂಧ ಸೂಚಿಸಿದ್ದಾರೆ. ಸಂಬಂಧ ಕಂಡಿತೆಂದರೆ ಕಾರಣ ಸಿಕ್ಕಿತೆಂದಲ್ಲ. ದಟ್ಟ ಹೊಗೆಯ ನಗರದಲ್ಲಿ ಸದ್ದು, ನಿದ್ರೆಗೇಡು, ಆತಂಕ ಎಲ್ಲವೂ ಹೆಚ್ಚು. ಅಲರ್ಜಿ ಇರುವವರು ಮೆನಿಯೇರ್ ರೋಗಿಗಳಲ್ಲಿ ಹೆಚ್ಚಾಗಿ ಕಾಣಸಿಗುತ್ತಾರೆ ಎಂಬ ವರದಿಗಳೂ ಇವೆ. ಪಾರ್ಥೇನಿಯಂ ಪರಾಗ ಮೂಗಿಗೆ ಕೊಡುವ ಕಾಟ ಬೆಂಗಳೂರಿನವರಿಗೆ ಹೊಸದಲ್ಲ. ಅದು ಒಳಕಿವಿಯನ್ನೂ ಕೆಣಕುತ್ತದೆ ಎನ್ನಲು ಮಾತ್ರ ಬೇರೆಯೇ ಪುರಾವೆ ಬೇಕು.

ರೋಗಿ ಸ್ವತಃ ಮಾಡಬಹುದಾದದ್ದು ದಿನಚರಿ ಬರೆಯುವುದು. ಬವಳಿ ಬಂದ ದಿನದ ಹವೆಯ ಜೊತೆಗೆ ನಿದ್ರೆ, ಉಪ್ಪಿನಕಾಯಿ-ಹಪ್ಪಳ, ಕಾಫಿ, ಮನಸ್ಸಿನ ಒತ್ತಡ ಇವನ್ನೂ ಬರೆಯಬೇಕು. ಬವಳಿ ಬಾರದ ಮೋಡದ ದಿನಗಳನ್ನೂ ಗುರುತು ಹಾಕಬೇಕು. ಜನ ಮರೆಯುವುದು ಇದನ್ನೇ. ತಲೆಸುತ್ತಿನ ಜೊತೆ ಒಂದು ಕಿವಿ ಹಠಾತ್ತನೆ ಕೇಳದಂತಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಹವೆಯನ್ನು ದೂರುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.