ಒಂದೇ ಬಳ್ಳಿ, ಎರಡು ಬಗೆಯ ಎಲೆ

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳ ಮನೆಯ ಗೋಡೆಗೆ ಐವಿ ಹಬ್ಬಿದೆ. ಕೆಳಗಿನ ಎಲೆಗಳಲ್ಲಿ ಸೀಳುಗಳಿವೆ, ತುದಿಯಲ್ಲಿಲ್ಲ. ಏಕೆ? ಬೆಂಗಳೂರಿನಲ್ಲಿ ಐವಿ ಬೆಳೆಸಬಹುದೇ?

ಉತ್ತರ: ಐವಿ ಬಲಿತಂತೆ ರೂಪ ಬದಲಿಸುತ್ತದೆ. ಎಳೆಯ ಕಾಂಡದ ಎಲೆಗೆ 3ರಿಂದ 5 ಸೀಳು. ಕಾಂಡದಿಂದ ಕುಚ್ಚುಕುಚ್ಚಾಗಿ ಹೊರಡುವ ಸಣ್ಣ ಬೇರುಗಳು ಗೋಡೆಯನ್ನು ಕಚ್ಚಿ ಹಿಡಿಯುತ್ತವೆ. ಎತ್ತರಕ್ಕೇರಿ ಬಿಸಿಲು ಕಂಡ ಮೇಲೆ ಬರುವ ಕೊಂಬೆಗಳಿಗೆ ಆ ಬೇರೂ ಇಲ್ಲ, ಎಲೆಗೆ ಸೀಳೂ ಇಲ್ಲ. ಹೂ ಬಿಡುವುದು ಅವೇ. ಇನ್ನೂ ಸೋಜಿಗವೆಂದರೆ, ಆ ಕೊಂಬೆಯನ್ನು ಕತ್ತರಿಸಿ ನೆಟ್ಟರೆ ಸಾಮಾನ್ಯವಾಗಿ ಅದು ಹಬ್ಬುವುದಿಲ್ಲ, ಪೊದೆಯಾಗಿಯೇ ಬೆಳೆಯುತ್ತದೆ!

ಬೆಂಗಳೂರಿನಲ್ಲೂ ಧಾರಾಳವಾಗಿ ಬೆಳೆಸಿ. ನರ್ಸರಿಯಿಂದ ತಂದ ಗಿಡವನ್ನು ನೆರಳು-ಬೆಳಕಿರುವ ಕಡೆ ಇಡಿ. ಮೇಲ್ಮಣ್ಣು ಒಣಗಿದಾಗಷ್ಟೇ ನೀರು. ಬೇಸಿಗೆಯಲ್ಲಿ ಜೇಡನುಸಿ ಕಾಡುತ್ತದೆ. ಎಲೆಯ ಅಡಿಭಾಗವನ್ನು ಆಗಾಗ ತೊಳೆಯಿರಿ. ಎಲೆ, ಕಾಯಿ ವಿಷಕಾರಿ; ಮಕ್ಕಳಿಗೆ, ಸಾಕುಪ್ರಾಣಿಗಳಿಗೆ ಎಟುಕದಿರಲಿ.